ಶೋವ್ಡೆಯ ಏಣಿ ವಸಂತ

ಮಾತಾಡಬಾರದ ಬೋಗಿ

ಮಾತನ್ನೇ ಹೊಟ್ಟೆಪಾಡು ಮಾಡಿಕೊಂಡವನು ಸ್ವೀಡನ್ನಿಗೆ ಹೋಗಬಾರದು. ಹೋದರೂ ರೈಲಿನಲ್ಲಿ ಸೀಟು ನೋಡಿಕೊಂಡು ಕೂರಬೇಕು. ನಾನು ನೋಡದೆ ಕೂತೆ.

ನನ್ನನ್ನು ಕರೆಸಿದ್ದು ಗೋಥೆನ್‌ಬರ್ಗಿನ ಕನ್ನಡದವರು. ಅವರ ರಾಜ್ಯೋತ್ಸವಕ್ಕೆ ನಿರೂಪಣೆ ಮಾಡಬೇಕಿತ್ತು. ಅದು ನನ್ನ ಕಸುಬು: ಮದುವೆ ಆರತಕ್ಷತೆ, ಶಾಲೆ ವಾರ್ಷಿಕೋತ್ಸವ, ಬಡಾವಣೆ ಗಣೇಶ, ಎಲ್ಲದಕ್ಕೂ ಮೈಕ್ ಹಿಡಿಯುತ್ತೇನೆ. ಕಾರ್ಯಕ್ರಮ ಮುಗಿಸಿ ಮಾರನೆಯ ದಿನ ಶೋವ್ಡೆ ಅನ್ನುವ ಊರಿಗೆ ಹೊರಟೆ. ಅಲ್ಲಿ ನನ್ನ ಹಳೆಯ ಸ್ನೇಹಿತ ವಸಂತ ಇದ್ದಾನೆ. ರೈಲು ಹತ್ತಿದ ತಕ್ಷಣ ಹೆಂಡತಿಗೆ ಫೋನ್ ಹಚ್ಚಿದೆ. ಚಳಿ ಹೇಗಿದೆ, ಚಪಾತಿಗೆ ಎಷ್ಟು ಪಲ್ಯ ಹಾಕಿದರು, ಯಾರ ಸೀರೆ ಯಾವ ಬಣ್ಣ, ಎಲ್ಲಾ ವರದಿ ಒಪ್ಪಿಸಿದೆ. ಎದುರಿಗೆ ಕೂತಿದ್ದ ವಯಸ್ಸಾದ ಹೆಂಗಸು ಒಂದು ಮಾತೂ ಆಡದೆ, ಕಿಟಕಿಗೆ ಅಂಟಿಸಿದ್ದ ಚೀಟಿ ತೋರಿಸಿ ಮುಗುಳ್ನಕ್ಕರು. ತುಟಿಯ ಮೇಲೆ ಬೆರಳಿಟ್ಟ ಚಿತ್ರ. ಅದು ಮಾತಾಡಬಾರದ ಬೋಗಿಯಂತೆ! ಬೈದಿದ್ದರೆ ನಾನೂ ಎರಡು ಮಾತಾಡಿ ಸುಮ್ಮನಾಗುತ್ತಿದ್ದೆ. ನಕ್ಕರಲ್ಲ, ಮರ್ಯಾದೆ ಮೂರು ಕಾಸಾಯಿತು. ಬ್ಯಾಗು ಎತ್ತಿಕೊಂಡು ಪಕ್ಕದ ಬೋಗಿಗೆ ಹೋದೆ. ಅಲ್ಲೂ ಯಾರೂ ಮಾತಾಡುತ್ತಿರಲಿಲ್ಲ. ಆ ಬೋಗಿಗೂ ಈ ಬೋಗಿಗೂ ಇದ್ದ ವ್ಯತ್ಯಾಸ ಆ ಚೀಟಿ ಒಂದೇ.

ಶೋವ್ಡೆ ನಿಲ್ದಾಣ

ವಸಂತ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದ. ಅವನನ್ನು ಹುಡುಕುವ ಕಷ್ಟ ಯಾವತ್ತೂ ಇರಲಿಲ್ಲ. ಬೆಂಗಳೂರಿನ ಗುಂಪಿನಲ್ಲಿ ಎಲ್ಲರಿಗಿಂತ ಒಂದು ತಲೆ ಎತ್ತರ ಇರುತ್ತಿದ್ದ. ಇಲ್ಲಿ ಎಲ್ಲರೂ ಅವನಷ್ಟೇ ಎತ್ತರ ಇರುವುದನ್ನು ನೋಡಿ ನನಗೆ ಯಾಕೋ ಸಂಕಟವಾಯಿತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಗ್ಗಿ ತಬ್ಬಿಕೊಂಡ.

"ಲೋ ರಮೇಶ, ದಪ್ಪ ಆಗಿದೀಯಲ್ಲೋ."

"ನೀನು ಗಿಡ್ಡ ಆಗಿದೀಯ" ಅಂದೆ.

ನಕ್ಕ. ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡವನು ಗಾಡಿ ಸ್ಟಾರ್ಟ್ ಮಾಡಲಿಲ್ಲ. ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು, "ಮನೆಗೆ ಹೋಗೋ ಮುಂಚೆ ಒಂದು ಮಾತು ಕಣೋ" ಅಂದ. "ನಾನು ಬ್ಯಾಸ್ಕೆಟ್‌ಬಾಲ್ ಆಡ್ತಿದ್ದೆ ಅನ್ನೋದು ತಾರಾಗೆ ಗೊತ್ತಿಲ್ಲ. ನೀನು ಹೇಳ್ಬೇಡ."

ತಾರಾ ಅವನ ಮಗಳು. ಹದಿನೈದು ವರ್ಷ. ಅವಳೇ ಈ ಊರಿನ ಕ್ಲಬ್ಬಿಗೆ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆಂದು ಫೋನಿನಲ್ಲಿ ಅವನೇ ಹೇಳಿದ್ದ.

"ತಮಾಷೆ ಮಾಡ್ತಿದೀಯಾ?"

"ಇಲ್ಲ. ಗೀತಾಗೆ ಗೊತ್ತು, ಮಗಳಿಗೆ ಇಲ್ಲ. ನಾವಿಬ್ರೂ ಒಂದೇ ಏರಿಯಾದವರು, ಅಷ್ಟು ಹೇಳು. ಪ್ರಾಮಿಸ್ ಮಾಡು."

ಮಾಡಿದೆ. ಮಾಡದಿದ್ದರೆ ಅವನು ಗಾಡಿ ತೆಗೆಯುವ ಹಾಗೆ ಕಾಣಲಿಲ್ಲ, ನನಗೆ ಚಳಿ ಬೇರೆ.

ಅಲ್ಲಿಂದ ರಾಜಾಜಿನಗರಕ್ಕೆ

ಏನನ್ನು ಮುಚ್ಚಿಡು ಅಂದ ಅನ್ನುವುದು ನಿಮಗೆ ಗೊತ್ತಾಗಬೇಕಲ್ಲ, ಅದಕ್ಕೆ ಸ್ವಲ್ಪ ಹಿಂದೆ ಹೋಗುತ್ತೇನೆ.

ತೊಂಬತ್ತರ ದಶಕ. ರಾಜಾಜಿನಗರದಲ್ಲಿ ನಮ್ಮ ಕ್ಲಬ್ಬಿನ ಸಿಮೆಂಟ್ ಕೋರ್ಟು. ಟೂರ್ನಮೆಂಟ್ ಬಂತೆಂದರೆ ಸುತ್ತ ಹಲಗೆ ಗ್ಯಾಲರಿ, ಒಂದು ಮೂಲೆಯಲ್ಲಿ ಶಾಮಿಯಾನ, ಅದರ ಕೆಳಗೆ ಮೈಕ್‌ಸೆಟ್. ಮೈಕ್‌ಸೆಟ್ಟು ನಮ್ಮ ಚಿಕ್ಕಪ್ಪನದು, ಕಾಯಲು ಕೂರುತ್ತಿದ್ದವನು ನಾನು. ಆಗ ಕೇಬಲ್ ಟಿವಿಯಲ್ಲಿ ಇಂಗ್ಲಿಷ್ ರ‍್ಯಾಪ್ ಬರುತ್ತಿತ್ತು. ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಆದರೆ ಕೈ ಆಡಿಸುವುದು ಚೆನ್ನಾಗಿ ಬಂತು. ನಮ್ಮ ರಸ್ತೆಯ ಟೈಲರ್ ಹತ್ತಿರ ಬ್ಯಾಗಿ ಪ್ಯಾಂಟು ಹೊಲಿಯಲು ಹೇಳಿದರೆ ಲಾಡಿ ಹಾಕಿ ಪೈಜಾಮ ಹೊಲಿದುಕೊಟ್ಟ. ಅದನ್ನೇ ಹಾಕಿಕೊಂಡು, ಟೋಪಿ ಹಿಂದುಮುಂದು ತಿರುಗಿಸಿ, ಮ್ಯಾಚಿನ ಕಾಮೆಂಟರಿಯನ್ನು ಕನ್ನಡದಲ್ಲಿ ರ‍್ಯಾಪ್ ಮಾಡತೊಡಗಿದೆ. "ಅಷ್ಟು ಬೇಗಬೇಗ ಯಾಕೋ ಹೇಳ್ತೀಯ, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?" ಅಂತ ಅಮ್ಮ ಕೇಳುತ್ತಿದ್ದಳು. ಜನಕ್ಕೆ ಮಾತ್ರ ಹಿಡಿಸಿತು. ರ‍್ಯಾಪ್ ರಮೇಶ ಅಂತ ಹೆಸರು ಬಿತ್ತು. ಒಂದು ಕ್ಯಾಸೆಟ್ಟೂ ಬಂತು. ಎ ಸೈಡಿನಲ್ಲಿ ನಾಲ್ಕು ಹಾಡು, ಬಿ ಸೈಡಿನಲ್ಲಿ ಅದೇ ನಾಲ್ಕು ಹಾಡು, ನನ್ನ ದನಿ ಇಲ್ಲದೆ. ಬಿ ಸೈಡೇ ಚೆನ್ನಾಗಿದೆ ಅಂದವರೂ ಇದ್ದರು.

ವಸಂತ ನಮ್ಮ ಹೀರೋ. ಏಣಿ ವಸಂತ. ಅವನು ನೆಗೆದರೆ ಮೇಲೆ ಸ್ವಲ್ಪ ಹೊತ್ತು ಇದ್ದು, ಕೆಲಸ ಮುಗಿಸಿಕೊಂಡೇ ಕೆಳಗಿಳಿಯುತ್ತಿದ್ದ. ರಾಜ್ಯದ ತಂಡಕ್ಕೆ ಆಡಿದ. ನನ್ನ ರ‍್ಯಾಪಿಗೆ ಅವನು ಬೇಕಿತ್ತು, ಅವನ ಹೆಸರಿಗೆ ನನ್ನ ಮೈಕು ಬೇಕಿತ್ತು. ಅವನು ಕೋರ್ಟಿಗೆ ಇಳಿಯುವಾಗ ನಾನು ಹೇಳುತ್ತಿದ್ದ ಸಾಲುಗಳನ್ನು ಗ್ಯಾಲರಿಗೆ ಗ್ಯಾಲರಿಯೇ ಹೇಳುತ್ತಿತ್ತು. ಅವನ ಅಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು. ಒಂದು ಮ್ಯಾಚೂ ತಪ್ಪಿಸುತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ರಿಂಗಿನ ಬೋರ್ಡಿನ ಹಿಂದೆ ನಿಂತಿರುತ್ತಿದ್ದರು. ಎಂಥ ಅಪ್ಪ ಅಂತ ನಮಗೆಲ್ಲ ಹೊಟ್ಟೆಕಿಚ್ಚು, ನಮ್ಮಪ್ಪಂದಿರಿಗೆ ಕೋರ್ಟು ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ. ಆಮೇಲೆ ಒಂದು ದಿನ ವಸಂತ ಆಟ ಬಿಟ್ಟ. ಪುಣೆಯಲ್ಲಿ ಕೆಲಸ ಸಿಕ್ಕಿದೆ ಅಂದ, ಹೋದ, ಅಲ್ಲಿಂದ ಸ್ವೀಡನ್ನಿಗೆ ಹಾರಿದ. ನಮ್ಮ ಕೋರ್ಟಿಗೆ ಮತ್ತೆ ಕಾಲಿಡಲಿಲ್ಲ. ಕೆಲಸ ಅಂದರೆ ಕೆಲಸ ಅಂತ ನಾವೂ ಸುಮ್ಮನಾದೆವು.

ಯಾರು ಗೆದ್ದದ್ದು?

ವಸಂತ ಈಗ ಕಾರಿನ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಅವನ ಹೆಂಡತಿ ಗೀತಾ ಉಡುಪಿ ಕಡೆಯವರು, ಇಲ್ಲಿ ಡಾಗಿಸ್ ಅನ್ನುವ ಶಿಶುವಿಹಾರದಲ್ಲಿ ಸಣ್ಣ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಮೀನು ಸಾರು ಮಾಡಿದ್ದರು. ತಾರಾ ಬಂದು "ಹೇಯ್ ರಮೇಶ್" ಅಂದಳು. ಇಲ್ಲಿ ಮೇಷ್ಟರನ್ನೂ ಹೆಸರು ಹಿಡಿದೇ ಕರೆಯುತ್ತಾರಂತೆ. ಗೀತಾ ಕಣ್ಣು ಬಿಟ್ಟ ಮೇಲೆ "ಅಂಕಲ್" ಸೇರಿಸಿದಳು. ನಮ್ಮ ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಸ್ವೀಡಿಷ್‌ನಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಎತ್ತರ ಅಪ್ಪನದೇ. ನೀರಿನ ಲೋಟ ಹಿಡಿಯುವಾಗಲೂ ಬೆರಳು ಅಗಲಿಸಿ ಹಿಡಿಯುವುದು ಅಪ್ಪನದೇ. ನನಗೆ ನಾಲಿಗೆ ತುದಿಗೆ ಬಂತು, ನುಂಗಿದೆ. ಮೀನಿನ ಮುಳ್ಳು ನುಂಗುವುದು ಅದಕ್ಕಿಂತ ಸುಲಭ.

ಅವಳ ಮುಂದೆ ಒಂದು ದೊಡ್ಡ ವಿಷಯ ಕೂತಿತ್ತು. ಲಿಂಕೋಪಿಂಗ್ ಅನ್ನುವ ಊರಿನಲ್ಲಿ ಓದಿನ ಜೊತೆ ಬ್ಯಾಸ್ಕೆಟ್‌ಬಾಲ್ ಕಲಿಸುವ ಒಂದು ಪ್ರೌಢಶಾಲೆ ಇವಳನ್ನು ಕರೆದಿತ್ತು. ಮುಂದಿನ ವರ್ಷದಿಂದ ಅಲ್ಲೇ ಹೋಗಿ ಇರಬೇಕು. ಸೋಮವಾರದೊಳಗೆ ಕೋಚ್‌ಗೆ ಹೂಂ ಅಥವಾ ಉಹೂಂ ಹೇಳಬೇಕು. ಅವಳು ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ.

"ನೀನು ಏನಂದೆ?" ಅಂತ ವಸಂತನನ್ನು ಕೇಳಿದೆ.

"ಅವಳ ಇಷ್ಟ ಅಂದೆ."

"ಅಷ್ಟೇನಾ?"

"ಅಷ್ಟೇ."

ಇವನೇನು ಅಪ್ಪನೋ, ಬಸ್ ಸ್ಟಾಪಿನಲ್ಲಿ ಸಿಕ್ಕವನೋ ಅನ್ನಿಸಿತು.

ಮರುದಿನ ವಸಂತ ನನ್ನನ್ನು ಕ್ಲಬ್ಬಿನ ಒಳಾಂಗಣ ಕೋರ್ಟಿಗೆ ಕರೆದುಕೊಂಡು ಹೋದ. ಏಳೆಂಟು ವರ್ಷದ ಮಕ್ಕಳ ಮ್ಯಾಚು ನಡೆಯುತ್ತಿತ್ತು. ನೀಲಿ ಅಂಗಿಯವರೂ ಕೆಂಪು ಅಂಗಿಯವರೂ ಜೀವ ಬಿಟ್ಟು ಓಡುತ್ತಿದ್ದರು. ಒಂದು ಹುಡುಗಿ ಚೆಂಡನ್ನು ತಬ್ಬಿಕೊಂಡು ನೆಲದ ಮೇಲೆ ಕೂತೇಬಿಟ್ಟಳು, ಯಾರೂ ಗದರಲಿಲ್ಲ. ಸೀಟಿ ಊದಿದರು, ಎಲ್ಲರೂ ಕೈ ಕುಲುಕಿದರು.

"ಯಾರು ಗೆದ್ದದ್ದು?" ಅಂದೆ.

"ಗೊತ್ತಿಲ್ಲ. ಈ ವಯಸ್ಸಿನವರಿಗೆ ಸ್ಕೋರ್ ಇಡಲ್ಲ."

"ಹಾಗಾದ್ರೆ ಮೈಕಲ್ಲಿ ಏನು ಹೇಳೋದು?"

"ಏನೂ ಹೇಳಲ್ಲ. ಮಕ್ಕಳು ಬನ್ ತಿಂದು ಮನೆಗೆ ಹೋಗ್ತಾರೆ."

ನನ್ನ ಪಾಲಿಗೆ ಅದು ಉಪ್ಪಿಲ್ಲದ ಸಾರು. ವಸಂತ ಮಾತ್ರ ಖಾಲಿ ಸ್ಕೋರ್‌ಬೋರ್ಡನ್ನೇ ನೋಡುತ್ತ, "ಈ ದೇಶದಲ್ಲಿ ಇದ್ದುಬಿಡೋಣ ಅಂತ ನಾನು ತೀರ್ಮಾನ ಮಾಡಿದ್ದು ಇದನ್ನ ನೋಡಿದ ದಿನ" ಅಂದ. ಸಂಬಳ, ಗಾಳಿ, ನೀರು ಅಂತ ಜನ ಹೇಳುವುದನ್ನು ಕೇಳಿದ್ದೆ. ಇದು ಹೊಸದು. ಅರ್ಥವಾಗಲಿಲ್ಲ, ಕೇಳಲೂ ಇಲ್ಲ.

ಲಿಂಕೋಪಿಂಗ್

ಗುರುವಾರ ಆ ಶಾಲೆಯವರು ಹೊಸ ಮಕ್ಕಳಿಗೆ ಬಾಗಿಲು ತೆರೆದು ತೋರಿಸುವ ದಿನ. ನಾವು ಮೂರು ಜನ ಕಾರಿನಲ್ಲಿ ಹೋದೆವು. ದಾರಿಯಲ್ಲಿ ಸಮುದ್ರವೇ ಬಂತು ಅಂದುಕೊಂಡೆ, ಅದು ಕೆರೆಯಂತೆ. ಲಿಂಕೋಪಿಂಗಿನಲ್ಲಿ ಆ ಚಳಿಯಲ್ಲೂ ಜನ ಸೈಕಲ್ ತುಳಿಯುತ್ತಿದ್ದರು, ಟೈ ಕಟ್ಟಿದವರೂ, ಹಿಂದೆ ಮಗು ಕೂರಿಸಿಕೊಂಡವರೂ. ಶಾಲೆಯ ಕೋರ್ಟಿನ ಮರದ ನೆಲ ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ನಮ್ಮ ಕಾಲದಲ್ಲಿ ಬಿದ್ದರೆ ಮೊಣಕಾಲಿನ ಚರ್ಮ ಸಿಮೆಂಟಿಗೆ ಕೊಟ್ಟು ಬರುತ್ತಿದ್ದೆವು.

ತಾರಾ ಒಂದೆರಡು ಸಲ ಚೆಂಡು ಎಸೆದಳು. ಅವಳ ಕಣ್ಣು ರಿಂಗಿನ ಮೇಲೆ ಇರಲಿಲ್ಲ. ಎಸೆದ ಕೂಡಲೇ ಅಪ್ಪನ ಕಡೆ ನೋಡುತ್ತಿದ್ದಳು. ಪಾಪ, ಮಗುವಿಗೆ ಒಂದು ಮಾತು ಬೇಕಾಗಿದೆ ಅಂತ ನನಗೆ ಖಾತ್ರಿಯಾಯಿತು. ನಿನ್ನಪ್ಪ ಯಾರು ಗೊತ್ತಾ ಅಂತ ಒಂದೇ ಒಂದು ಸಲ ಹೇಳಿಬಿಟ್ಟರೆ ಹುಡುಗಿ ಕುಣಿದುಕೊಂಡು ಹೂಂ ಅನ್ನುತ್ತಾಳೆ. ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಅವಳೇ ಇಂಗ್ಲಿಷಿನಲ್ಲಿ ಕೇಳಿದಳು, "ಪಪ್ಪಾ, ನಿನಗೆ ಏನನ್ಸುತ್ತೆ?"

"ನಿನಗೆ ಹೇಗೆ ಅನ್ಸುತ್ತೋ ಹಾಗೆ ಮಗಳೇ" ಅಂದ ವಸಂತ.

ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ನಾನು ಅವನನ್ನು ಕೆಕ್ಕರಿಸಿ ನೋಡಿದೆ. ಅವನು ರಸ್ತೆ ನೋಡಿದ.

ಶನಿವಾರದ ಮ್ಯಾಚು

ಇಲ್ಲಿ ಮಕ್ಕಳ ಮ್ಯಾಚು ಅಂದರೆ ಅಪ್ಪ ಅಮ್ಮಂದಿರದ್ದೇ ಕೆಲಸ. ಒಬ್ಬರು ಕಾಫಿ ಬನ್ನು ಮಾರಬೇಕು, ಒಬ್ಬರು ನೆಲ ಒರೆಸಬೇಕು, ಇಬ್ಬರು ಟೇಬಲ್ ಹತ್ತಿರ ಕೂತು ಗಡಿಯಾರ ಮತ್ತು ಸ್ಕೋರು ನೋಡಬೇಕು. ಬೇರೆಯವರಿಗೆ ಸರದಿ, ವಸಂತ ಮಾತ್ರ ಪ್ರತಿ ವಾರ ಗಡಿಯಾರಕ್ಕೆ ತಾನೇ ಕೂರುತ್ತಾನೆ. ಅವನ ಪಕ್ಕ ನನಗೂ ಒಂದು ಕುರ್ಚಿ ಸಿಕ್ಕಿತು. ಟೇಬಲ್ ಮೇಲೆ ಮೈಕ್ ಇತ್ತು. ನೋಡಿಯೂ ನೋಡದ ಹಾಗೆ ಕೂತೆ.

ಮ್ಯಾಚಿಗೆ ಮುಂಚೆ ಕಾಫಿ ಕುಡಿಯುವಾಗ ಕ್ರಿಸ್ಟಿನಾ ಅನ್ನುವ ತಾಯಿಯೊಬ್ಬರು ನಿಮ್ಮ ಕೆಲಸ ಏನು ಅಂತ ಕೇಳಿದ್ದರು. ಮೈಕು ಅಂದಿದ್ದೆ. ಆಕೆ ಈಗ ಟೇಬಲ್ ಹತ್ತಿರ ಬಂದು, ದೂರದಿಂದ ಬಂದಿದ್ದೀರಿ, ನಿಮ್ಮ ಭಾಷೆಯಲ್ಲಿ ಎಲ್ಲರಿಗೂ ಸ್ವಾಗತ ಹೇಳುತ್ತೀರಾ ಅಂದರು. ವಸಂತನ ಮುಖ ನೋಡಿದೆ. "ಎರಡೇ ಮಾತು" ಅಂತ ಬೆರಳು ತೋರಿಸಿದ.

ಪರದೇಶದಲ್ಲಿ ನಮ್ಮವರೆಲ್ಲ ಒಂದು ತಪ್ಪು ಮಾಡುತ್ತಾರೆ. ಕನ್ನಡದಲ್ಲಿ ಆಡಿದ ಮಾತು ಯಾರ ಕಿವಿಗೂ ಬೀಳುವುದಿಲ್ಲ ಅಂದುಕೊಳ್ಳುತ್ತಾರೆ. ಬಸ್ಸಿನಲ್ಲಿ ಪಕ್ಕದವರ ಮೂಗಿನ ಬಗ್ಗೆ, ಅಂಗಡಿಯಲ್ಲಿ ಮುಂದಿನವರ ಜಿಪುಣತನದ ಬಗ್ಗೆ ಜೋರಾಗಿಯೇ ಮಾತಾಡುತ್ತಾರೆ. ಅದೇ ಧೈರ್ಯ ನನಗೂ ಬಂತು. ಎಲ್ಲರಿಗೂ ನಮಸ್ಕಾರ ಅಂದೆ, ಚಪ್ಪಾಳೆ ಬಿತ್ತು. ಶೋವ್ಡೆ, ಚಳಿ, ಕಾಫಿ ಅಂತ ನಾಲ್ಕು ಪ್ರಾಸ ಹೊಡೆದೆ. ಜನ ಕಾಲಿನಲ್ಲಿ ತಾಳ ಹಾಕತೊಡಗಿದರು. ಇಡೀ ವಾರ ಬಾಯಿ ಕಟ್ಟಿಕೊಂಡಿದ್ದವನಿಗೆ ಆ ತಾಳ ಕೇಳಿ ಮೈಮೇಲೆ ಬಂದ ಹಾಗಾಯಿತು. ಹಳೆಯ ಸಾಲುಗಳು ತಾವೇ ಬಂದವು:

"ಏಣಿ ಬಂದ, ಏಣಿ ಬಂದ, ದಾರಿ ಬಿಡ್ರಪ್ಪೋ,
ಮೋಡ ಮುಟ್ಟಿ ಇಳೀತಾನೆ, ಸ್ವಲ್ಪ ತಡೀರಪ್ಪೋ!
ಕರ್ನಾಟಕದ ಜೆರ್ಸಿ ನೋಡು, ಬೆನ್ನ ಮೇಲೆ ಏಳು,
ರಿಂಗು ಕೇಳು, ಚೆಂಡು ಕೇಳು, ಹೀರೋ ಹೆಸ್ರು ಹೇಳು:
ವಸಂತಾ! ವಸಂತಾ!"

ಜನ ಖುಷಿಯಾಗಿ ಚಪ್ಪಾಳೆ ತಟ್ಟಿದರು. ಒಬ್ಬರಿಗೂ ಒಂದಕ್ಷರ ಅರ್ಥವಾಗಿರಲಿಲ್ಲ. ಕೋರ್ಟಿನ ಆ ಕೊನೆಯಲ್ಲಿ ಮಾತ್ರ ತಾರಾ ಚೆಂಡು ಹಿಡಿದುಕೊಂಡು ನಿಂತುಬಿಟ್ಟಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು. ವಸಂತ ನನ್ನ ಕೈಯಿಂದ ಮೈಕ್ ತೆಗೆದುಕೊಂಡು ಆಫ್ ಮಾಡಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ತಾರಾ ಆವತ್ತು ಸರಿಯಾಗಿ ಆಡಲಿಲ್ಲ. ಅವರ ತಂಡ ಸೋತಿತು. ಮನೆಗೆ ಬಂದು ಶೂ ಬಿಚ್ಚುವ ಜಾಗದಲ್ಲೇ ನಿಂತು ಇಂಗ್ಲಿಷಿನಲ್ಲಿ ಕೇಳಿದಳು, "ಅಂಕಲ್ ಹೇಳಿದ್ದು ನಿಜಾನಾ ಪಪ್ಪಾ?"

"ನಿಜ."

"ಯಾಕೆ ಹೇಳ್ಲಿಲ್ಲ?"

ವಸಂತ ಮೆಟ್ಟಿಲ ಮೇಲೆ ಕೂತ. ಗೀತಾ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದರು. "ನಿಮ್ಮಜ್ಜ ನನ್ನ ಎಲ್ಲಾ ಮ್ಯಾಚಿಗೂ ಬರ್ತಿದ್ರು" ಅಂದ. "ರಿಂಗ್ ಹಿಂದೆ ನಿಲ್ತಿದ್ರು. ಒಂದು ಬ್ಯಾಸ್ಕೆಟ್ ತಪ್ಪಿದ್ರೆ ಅವತ್ತು ಮನೇಲಿ ಊಟ ಇಲ್ಲ. ಸೋತ್ರೆ ಬೆಲ್ಟು. ಚೆಂಡು ಕೈಗೆ ಬಂದಾಗ ನಾನು ರಿಂಗ್ ನೋಡ್ತಾನೇ ಇರ್ಲಿಲ್ಲ ಮಗಳೇ, ಅಪ್ಪನ ಮುಖ ನೋಡ್ತಿದ್ದೆ. ನೀನು ಆಡಿದ್ರೆ ನಿನಗೋಸ್ಕರ ಆಡು, ಅಪ್ಪ ಆಡಿದ್ದ ಅಂತ ಆಡ್ಬೇಡ. ಅದಕ್ಕೇ ಹೇಳ್ಲಿಲ್ಲ."

ಬೋರ್ಡಿನ ಹಿಂದೆ ಕೈ ಕಟ್ಟಿ ನಿಂತಿದ್ದ ಆ ಮನುಷ್ಯ ಕಣ್ಣ ಮುಂದೆ ಬಂದರು. ನಾವು ಹೊಟ್ಟೆಕಿಚ್ಚು ಪಟ್ಟಿದ್ದು ಇವರಿಗಾ? ತಾರಾ ತನ್ನ ರೂಮಿಗೆ ಹೋದಳು. ನಾನು ಕ್ಷಮಿಸು ಅಂದೆ. ವಸಂತ, "ಊಟ ಮಾಡು ಬಾ" ಅಂದ.

ಭಾನುವಾರ, ಶಾಲೆಯ ಅಂಗಳ

ಬೆಳಗ್ಗೆ ತಿಂಡಿ ಆದ ಮೇಲೆ ತಾರಾ ಚೆಂಡು ಹಿಡಿದುಕೊಂಡು ಬಂದಳು. "ಬಾ ಪಪ್ಪಾ" ಅಂದಳು. ವಸಂತ ಮೊಣಕಾಲು ತೋರಿಸಿದ. ಅವಳು ಅವನ ಜಾಕೆಟ್ ತಂದು ಕೊಟ್ಟಳು. ನಾನೂ ಹಿಂದೆಯೇ ಹೊರಟೆ.

ಮನೆಯ ಹಿಂದಿನ ಶಾಲೆಯ ಅಂಗಳದಲ್ಲಿ ಒಂದು ರಿಂಗಿತ್ತು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ವಸಂತನ ಮೊದಲ ಎಸೆತ ರಿಂಗಿಗೂ ತಾಗಲಿಲ್ಲ. ತಾರಾ ಬಿದ್ದು ಬಿದ್ದು ನಕ್ಕಳು. ಎರಡನೆಯದು ಬೋರ್ಡಿಗೆ ಹೊಡೆಯಿತು. ಆಮೇಲೆ ಅವನ ಮಣಿಕಟ್ಟಿಗೆ ಏನೋ ನೆನಪಾಯಿತು. ಚೆಂಡು ಸುಮ್ಮನೆ ಬಲೆಯೊಳಗೆ ಇಳಿಯಿತು. ಮತ್ತೊಂದು, ಇನ್ನೊಂದು. ತಾರಾ ಓಡಿ ಓಡಿ ಚೆಂಡು ತಂದು ಕೊಡುತ್ತಿದ್ದಳು, ಅವನು ಹಾಕುತ್ತಿದ್ದ. ಜಾಕೆಟ್ ಬಿಚ್ಚಿ ಎಸೆದ. ಆ ಬಿಳಿ ಕೂದಲಿನ ಮನುಷ್ಯ ಮೊಣಕಾಲು ಮರೆತು ನೆಗೆದ. ನನ್ನ ಜೀವಮಾನದಲ್ಲಿ ಹೇಳಲು ಮಾತು ಸಿಗದೆ ನಿಂತದ್ದು ಅದೇ ಮೊದಲು.

ಸುಸ್ತಾಗಿ ಇಬ್ಬರೂ ಬೆಂಚಿನ ಹತ್ತಿರ ಬಂದರು. ವಸಂತ ಕೂತ, ತಾರಾ ಕೂರಲಿಲ್ಲ. ಅವನ ಎದುರಿಗೆ ನಿಂತು, ಬರುವಷ್ಟು ಕನ್ನಡದಲ್ಲಿ, ತಡವರಿಸಿಕೊಂಡು ಹೇಳಿದಳು.

"ಪಪ್ಪಾ, ನೀನು ಟೇಬಲ್‌ನಲ್ಲಿ ಕೂತಾಗ ಕ್ಲಾಕ್ ನೋಡಲ್ಲ. ನನ್ನ ನೋಡ್ತೀಯ. ನನಗೆ ಬಾಲ್ ಬಂದಾಗ ನಿನ್ನ ಮುಖ ತುಂಬಾ ಹ್ಯಾಪಿ ಇರುತ್ತೆ. ಮನೇಲಿ ಆ ಥರ ಇರಲ್ಲ. ನಾನು ಅದಕ್ಕೇ ಆಡ್ತಿದ್ದೆ."

ವಸಂತ ತಲೆ ಎತ್ತಿ ನೋಡಿದ.

"ನಾನು ಬಿಟ್ರೆ ನಿನಗೆ ಏನೂ ಇರಲ್ಲ ಅಂತ ಭಯ ಆಗ್ತಿತ್ತು. ಈಗ ಗೊತ್ತಾಯ್ತು, ನಿನಗೆ ಬಾಲ್ ಇಷ್ಟ. ನೀನೇ ಆಡು. ನನಗೆ ಸಾಕು ಪಪ್ಪಾ. ನಾನು ಲಿಂಕೋಪಿಂಗ್ ಹೋಗಲ್ಲ. ಟೀಮ್ ಕೂಡ ಬಿಡ್ತೀನಿ. ಭಾನುವಾರ ನಿನ್ನ ಜೊತೆ ಆಡ್ತೀನಿ, ಅಷ್ಟೇ. ಓಕೆನಾ?"

ವಸಂತ ಈ ದೇಶಕ್ಕೆ ಬಂದು, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಯಾವುದನ್ನು ತಪ್ಪಿಸಲು ನೋಡಿದ್ದನೋ ಅದು ಅವನ ಮನೆಯಲ್ಲೇ ನಡೆದುಹೋಗಿತ್ತು. "ಓಕೆ ಮಗಳೇ" ಅಂದ. ಅವಳು ಅವನ ತಲೆಗೂದಲು ಕೆದರಿ, ಚಳಿ ಅಂತ ಮನೆ ಕಡೆ ಓಡಿದಳು.

ನಾನು ಬೆಂಚಿನಲ್ಲಿ ಅವನ ಪಕ್ಕ ಕುಸಿದೆ. ನನಗೆ ಅಳು ಬರುವಂತಾಗಿತ್ತು. "ಹಾಳು ಮಾಡ್ಬಿಟ್ಟೆ ಕಣೋ" ಅಂದೆ. "ನನ್ನ ಈ ದರಿದ್ರ ಬಾಯಿಂದ ಆ ಮಗು ಆಟಾನೇ ಬಿಡ್ತಿದೆ."

ವಸಂತ ನನ್ನ ಕಡೆ ತಿರುಗಿದ. ಕಣ್ಣಿನಲ್ಲಿ ನೀರಿತ್ತು, ಆದರೆ ಮನುಷ್ಯ ನಗುತ್ತಿದ್ದ.

"ಪುಣೆಯಲ್ಲಿ ಯಾವ ಕೆಲಸಾನೂ ಸಿಕ್ಕಿರ್ಲಿಲ್ಲ ಕಣೋ" ಅಂದ. "ಆಟ ಸಾಕು ಅಂತ ಅಪ್ಪನಿಗೆ ಹೇಳೋಕೆ ಧೈರ್ಯ ಇಲ್ದೆ ಸುಳ್ಳು ಹೇಳಿ ಊರು ಬಿಟ್ಟೆ. ಅವರು ಸಾಯೋ ತನಕ ಹೇಳೋಕಾಗ್ಲಿಲ್ಲ." ಮಗಳು ಓಡಿದ ದಾರಿಯನ್ನೇ ನೋಡುತ್ತ ಮೂಗು ಒರೆಸಿಕೊಂಡ. "ನೋಡಿದ್ಯಾ ಅವಳನ್ನ? ಎದುರಿಗೆ ನಿಂತು, ಮುಖ ನೋಡಿ, ಸಾಕು ಅಂದ್ಲು. ನನ್ನ ಮಗಳು ನನಗೆ ಹೆದರಲ್ಲ ಕಣೋ ರಮೇಶ. ಹೆದರಲ್ಲ."